ಎಐ ಲ್ಯಾಬ್ ಹೊಸಾದು, ಪ್ರಶ್ನೆಪತ್ರಿಕೆ ಹಳೇದು

2025ರ ಜುಲೈನಾಗ ಏರ್‌ಟೆಲ್‌ನವ್ರು ತಮ್ಮ ಗಿರಾಕಿಗಳಿಗೆ ಪರ್‌ಪ್ಲೆಕ್ಸಿಟಿ ಪ್ರೊ ಅನ್ನೋ ಎಐ ಸೇವೆ ಒಂದ್ ವರ್ಷ ಫ್ರೀ ಅಂದ್ರು, ಅದ ಹೊತ್ತಿಗೆ ಗೂಗಲ್‌ನವ್ರು ಕಾಲೇಜ್ ಸ್ಟೂಡೆಂಟ್ಸ್‌ಗೆ ತಮ್ಮ ಎಐ ಜೆಮಿನಿಯ ರೊಕ್ಕದ ಪ್ಲ್ಯಾನ್ ಒಂದ್ ವರ್ಷ ಪುಕ್ಕಟೆ ಬಿಟ್ರು, ಅಕ್ಟೋಬರ್ ಕೊನೀಗೆ ಜಿಯೋ ಅದನ್ನ 18 ತಿಂಗಳು ಮಾಡಿ ಮೊದಲು 18ರಿಂದ 25 ವಯಸ್ಸಿನವ್ರಿಗೆ ಕೊಡ್ತು, ನವೆಂಬರ್ 4ರಿಂದ ಚಾಟ್‌ಜಿಪಿಟಿ ಗೋ ಕೂಡ ಇಡೀ ದೇಶಕ್ಕ ಒಂದ್ ವರ್ಷ ಫ್ರೀ ಆತು. ಅಂದ್ರ ಜಮಖಂಡಿ ಬಸ್ ಸ್ಟ್ಯಾಂಡಿನಾಗ ನಿಂತ ಬಿಎ ಹುಡುಗನ ಕಿಸೇದಾಗ ಇರೋ ಎಐ, ಬೆಂಗಳೂರಿನ ದೊಡ್ಡ ಕಾಲೇಜಿನ ಹುಡುಗನ ಕಿಸೇದಾಗ ಇರೋ ಎಐ ಎರಡೂ ಒಂದ. ಇಂಥಾದ್ದು ಹಿಂದೆ ಯಾವ ಟೆಕ್ನಾಲಜಿಯೊಳಗೂ ಆಗಿದ್ದಿಲ್ಲ, ಕಂಪ್ಯೂಟರ್ ನಮ್ಮ ಕಡೆ ಬರಾಕ ಎಷ್ಟು ವರ್ಷ ತಗೊಂತು ಅಂತ ನೆನಪಿದ್ದವ್ರಿಗೆ ಗೊತ್ತು.

ಹಂಗಿದ್ಮ್ಯಾಲ ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ನಮ್ಮ ಮೂರು ಜಿಲ್ಲೆ ಕಾಲೇಜುಗಳು ಎಐಗೆ ತಯಾರಾಗ್ಯಾವೋ ಇಲ್ಲೋ ಅಂತ ನೋಡಾಕ ಲ್ಯಾಬಿನಾಗ ಎಷ್ಟು ಕಂಪ್ಯೂಟರ್ ಅದಾವ ಅಂತ ಎಣಿಸಿ ಏನೂ ಉಪಯೋಗ ಇಲ್ಲ. ಅಡ್ಮಿಷನ್ ಬ್ಯಾನರಿನ ಮ್ಯಾಲ ಎಐ ರೆಡಿ ಕ್ಯಾಂಪಸ್ ಅಂತ ಬರ್ಕೊಂಡಿದ್ದನ್ನಂತೂ ಬಿಡ್ರಿ. ಪ್ರಶ್ನೆಪತ್ರಿಕೆ ತಗದು ನೋಡ್ರಿ, ಅಸೈನ್‌ಮೆಂಟ್ ಟಾಪಿಕ್ ಲಿಸ್ಟ್ ನೋಡ್ರಿ, ಆಮೇಲೆ ಆ ಅಸೈನ್‌ಮೆಂಟ್ ಓದಬೇಕಾದ ಮಾಸ್ತರಿಗೆ ವಾರದಾಗ ಎಷ್ಟು ತಾಸು ಬಿಡುವು ಸಿಗ್ತೈತಿ ಅಂತ ಕೇಳ್ರಿ. ನನ್ನ ಲೆಕ್ಕದಾಗ ತಯಾರಿ ಅಂದ್ರ ಇದ.

ಇಂಜಿನಿಯರಿಂಗ್ ಕಡೆ ಮೊದಲು ನೋಡೋಣ, ಯಾಕಂದ್ರ ಎಐ ಅಂದ ಕೂಡ್ಲೆ ಎಲ್ಲಾರೂ ಅತ್ಲಾಗ ಓಡ್ತಾರ. ವಿಟಿಯು, ಅಂದ್ರ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, 1998ರಿಂದ ಬೆಳಗಾವಿಯೊಳಗ ಐತಿ, ಮಚ್ಛೆ ಹತ್ರ ಅದರ ಕ್ಯಾಂಪಸ್ ಜ್ಞಾನ ಸಂಗಮ, ಹಂಗಾಗಿ ರಾಜ್ಯದ ಬಹುಪಾಲು ಇಂಜಿನಿಯರಿಂಗ್ ಸಿಲಬಸ್ ಬದಲಾದ್ರ ಆ ಸುದ್ದಿ ನಮ್ಮೂರಿಂದನ ಹೊರಡ್ತೈತಿ. ದೇಶದ ತಾಂತ್ರಿಕ ಶಿಕ್ಷಣ ನೋಡ್ಕೊಳ್ಳೋ ಎಐಸಿಟಿಇ 2025ನ್ನ ಎಐ ವರ್ಷ ಅಂತ ಸಾರಿತ್ತು, ಅದಕ್ಕೂ ಒಂದ್ ವರ್ಷ ಮೊದಲ ಒಂದ್ ಬ್ರ್ಯಾಂಚಿಗೆ ಇಷ್ಟ ಸೀಟು ಅನ್ನೋ ಮಿತಿ ತಗದು ಹಾಕಿತ್ತು. ಆವಾಗಿಂದ ಕಂಪ್ಯೂಟರ್ ಸೈನ್ಸು, ಎಐ ಆಂಡ್ ಎಂಎಲ್ಲು (ಮಷಿನ್ ಲರ್ನಿಂಗ್), ಡೇಟಾ ಸೈನ್ಸು ಅಂತ ಸೀಟು ಏರಕೋತ ಹೋದವು, ಸಿವಿಲ್ ಮೆಕ್ಯಾನಿಕಲ್ ಕ್ಲಾಸಿನಾಗ ಬೆಂಚು ಖಾಲಿ. ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು 1963ರದ್ದು, ಬೆಳಗಾವಿಯ ಗೋಗಟೆ ಕಾಲೇಜು 1979ರದ್ದು, ಆ ಕಾಲದಾಗ ಇಂಜಿನಿಯರ್ ಅಂದ್ರ ಸೇತುವೆ ಕಟ್ಟಾವ ಇಲ್ಲಾ ಮಷಿನ್ ರಿಪೇರಿ ಮಾಡಾವ. ಈಗ ಪಾಲಕರು ಕೌನ್ಸೆಲಿಂಗ್‌ಗೆ ಬಂದ್ರ ಮೊದಲು ಕೇಳೂದ ಎಐ ಸೀಟ್ ಐತೇನ್ರಿ ಅಂತ.

ನನಗ ಇದರಾಗ ಒಂದ್ ತಕರಾರೈತಿ. ಬ್ರ್ಯಾಂಚಿನ ಹೆಸರು ಎಐ ಅಂತ ಇದ್ರ ಆ ಹುಡುಗನಿಗೆ ಎಐ ಬರ್ತೈತಿ ಅಂತ ಅಲ್ಲ, ಬ್ಯಾರೆ ಬ್ರ್ಯಾಂಚಿನವ್ರಿಗೆ ಅದು ಬ್ಯಾಡ ಅಂತನೂ ಅಲ್ಲ. ಬೆಳಗಾವಿ ಉದ್ಯಮಬಾಗಿನ ಫೌಂಡ್ರಿಯೊಳಗ ಕಾಸ್ಟಿಂಗ್‌ನಾಗ ಬ್ಲೋ ಹೋಲ್ (ಗಾಳಿ ಸಿಕ್ಕು ಬೀಳೋ ತೂತು) ಯಾಕ ಬೀಳ್ತಾವ ಅಂತ ತಿಳ್ಕೊಂಡ ಮೆಕ್ಯಾನಿಕಲ್ ಹುಡುಗ ಸ್ವಲ್ಪ ಪೈಥಾನ್ ಪ್ರೋಗ್ರಾಮಿಂಗ್ ಕಲ್ತು, ಫೋಟೋ ನೋಡಿ ಡಿಫೆಕ್ಟ್ ಹಿಡಿಯೋ ಮಾಡೆಲ್ ಟ್ರೇನ್ ಮಾಡಿದ್ರ ಆ ಫೌಂಡ್ರಿ ಮಾಲಕ ಅವನ್ನ ಬಿಡಂಗಿಲ್ಲ. ಕಬ್ಬಿಂದೂ ಹಂಗ. ನಮ್ಮ ಗಡಿ ದಾಟಿದ್ರ ಮಹಾರಾಷ್ಟ್ರದ ಬಾರಾಮತಿಯೊಳಗ ಅಗ್ರಿಕಲ್ಚರಲ್ ಡೆವಲಪ್‌ಮೆಂಟ್ ಟ್ರಸ್ಟಿನವ್ರು ಮೈಕ್ರೋಸಾಫ್ಟ್ ಜೊತಿ ಸೇರಿ ಕಬ್ಬಿನ ಹೊಲಕ್ಕ ಸ್ಯಾಟಲೈಟ್ ಚಿತ್ರ, ಮಣ್ಣಿನ ಸೆನ್ಸರ್, ಹವಾಮಾನದ ಡೇಟಾ ಎಲ್ಲಾ ಕೂಡಿಸಿ ಯಾವಾಗ ನೀರು ಬಿಡಬೇಕು ಎಷ್ಟು ಗೊಬ್ಬರ ಹಾಕಬೇಕು ಅಂತ ರೈತನ ಮೊಬೈಲಿಗೆ ಹೇಳೋ ಪ್ರಯೋಗ ನಡಿಸ್ಯಾರ. ಬೆಳಗಾವಿ ಬಾಗಲಕೋಟೆ ತುಂಬ ಕಬ್ಬ ಐತಿ, ಸಕ್ಕರಿ ಕಾರ್ಖಾನಿ ಅದಾವ, ಬಾಗಲಕೋಟೆಯೊಳಗ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯನ ಐತಿ, ವಿಜಯಪುರದಾಗ ದ್ರಾಕ್ಷಿ ಬೆಳೆಗಾರ ಮೋಡ ಕವಿದ್ರ ಸಾಕು ಔಷಧ ಹೊಡಿಯೋ ಪಂಪ್ ಹಿಡಕೊಂಡು ನಿಲ್ತಾನ. ಎಐ ಪ್ರಾಜೆಕ್ಟ್ ಮಾಡಾಕ ಇದಕ್ಕಿಂತ ಏನ್ ಬೇಕು? ಆದ್ರ ಫೈನಲ್ ಇಯರ್ ಪ್ರಾಜೆಕ್ಟ್ ಲಿಸ್ಟ್ ನೋಡಿದ್ರ ಮತ್ತ ಅದ ಫೇಸ್ ರೆಕಗ್ನಿಷನ್ ಹಾಜರಿ, ಅದ ಚಾಟ್‌ಬಾಟ್, ಅದ ಸಿನಿಮಾ ರೆಕಮಂಡೇಷನ್.

ಇರ್ಲಿ, ಇಂಜಿನಿಯರಿಂಗ್‌ನವ್ರ ಬಗ್ಗೆ ಮಾತಾಡಾಕ ಜನ ಅದಾರ. ನಮ್ಮ ಕಡೆ ಹೆಚ್ಚಿನ ಹುಡುಗ್ರು ಓದೂದು ಬಿಎ, ಬಿಕಾಂ, ಬಿಎಸ್ಸಿ. 2010ರಾಗ ಆದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬೆಳಗಾವಿ ಹತ್ರ, 2003ರಾಗ ಆದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ವಿಜಯಪುರದಾಗ, ಈಚೀಚೆಗೆ ಜಮಖಂಡಿಯೊಳಗ ಬಾಗಲಕೋಟೆ ವಿಶ್ವವಿದ್ಯಾಲಯ. ಈ ಕೊನೇದು ಕಣ್ಣು ಬಿಡೋದ್ರಾಗ ಹೊಸ ವಿವಿಗಳನ್ನ ಮುಚ್ಚೋ ಮಾತು ಬೆಂಗಳೂರಿನಾಗ ಎದ್ದಿತ್ತು, ಹಂಗಿರೋವಾಗ ಎಐ ಪಾಲಿಸಿ ಯಾರು ಬರೀಬೇಕು. ನಮ್ಮೊಬ್ಬರದ ಅಂತಲ್ಲ, 2023ರಾಗ ಯುನೆಸ್ಕೋದವ್ರು ಜಗತ್ತಿನ 450 ಶಾಲೆ, ವಿವಿಗಳನ್ನ ಕೇಳಿದಾಗ ಎಐ ಬಳಸೂದರ ಬಗ್ಗೆ ಏನರೆ ನಿಯಮ ಇಟ್ಕೊಂಡವು ನೂರಕ್ಕ ಹತ್ತೂ ಇರಲಿಲ್ಲ.

ಈಗ ಅಸೈನ್‌ಮೆಂಟ್ ವಿಷಯಕ್ಕ ಬರ್ತೀನಿ. ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಕಾಲದಾಗ ಡಿಗ್ರಿಯೊಳಗ ನೂರಕ್ಕ ನಲವತ್ತು ಮಾರ್ಕ್ಸ್ ಇಂಟರ್ನಲ್, ಅಂದ್ರ ಕಾಲೇಜಿನಾಗ ಹಾಕೋವು, ಇದ್ದವು, ವಿಟಿಯುದಾಗ ಅರ್ಧಕ್ಕರ್ಧ ಇಂಟರ್ನಲ್ಲೇ ಐತಿ, ಅಂದ್ರ ಮನೀಗೆ ಹೋಗಿ ಬರಕೊಂಡ್ ಬರೋದಕ್ಕ ಸಾಕಷ್ಟು ಮಾರ್ಕ್ಸ್ ಹೋಗ್ತಾವ. ನಾನು ಡಿಗ್ರಿ ಹುಡುಗ್ರಿಗೆ ಕನ್ನಡ ಕಲಸಾವ, ನಮ್ಮ ಲಿಸ್ಟಿನಾಗ ವರ್ಷಾ ವರ್ಷಾ ಬರೋ ಟಾಪಿಕ್ಕು ಬಸವಣ್ಣನವರ ವಚನಗಳಲ್ಲಿ ಸಾಮಾಜಿಕ ಪ್ರಜ್ಞೆ. ಇದನ್ನ ಚಾಟ್‌ಜಿಪಿಟಿಗೆ ಕೊಟ್ರ ಚಾ ಕುಡಿಯೋದ್ರಾಗ ಮುಗೀತೈತಿ, ಪೀಠಿಕೆ, ಐದು ಉಪಶೀರ್ಷಿಕೆ, ಉಪಸಂಹಾರ, ಎಲ್ಲಾ ಚಂದ ಜೋಡಿಸಿ. ಹುಡುಗ್ರು ಅದನ್ನ ನೋಡಕೋತ ಅಸೈನ್‌ಮೆಂಟ್ ಬುಕ್ಕಿನಾಗ ಕೈಲೆ ಬರದು, ಮಾರ್ಜಿನ್ ಹೊಡದು, ಬಣ್ಣದ ಪೆನ್ನಿಲೆ ಹೆಡ್ಡಿಂಗ್ ಹಾಕಿ ಕೊಡ್ತಾರ. ಕೈಬರಹದಾಗ ಇರಲಿ ಅಂತ ಕಾಲೇಜು ಮಾಡಿದ ನಿಯಮ ಇಷ್ಟ ಕೆಲಸಕ್ಕ ಬಂತು, ಬೆರಳಿಗೆ ವ್ಯಾಯಾಮ.

ಆದ್ರ ಆ ಅಸೈನ್‌ಮೆಂಟಿನ ಒಳಗ ಹೊಕ್ಕು ನೋಡಿದ್ರ ಬ್ಯಾರೇನ ಐತಿ. ಉದಾಹರಣೆಗೆ ಅಂತ ಕೊಟ್ಟ ವಚನ ಓದಿದ್ರ ವಚನದ ಹಂಗನ ಕೇಳಸ್ತೈತಿ, ಸಾಲಿನ ಓಟ ಹಂಗ ಐತಿ, ಕೊನೀಗೆ ಕೂಡಲಸಂಗಮದೇವಾ ಅಂತ ಅಂಕಿತನೂ ಐತಿ, ಆದ್ರ ಬಸವಣ್ಣ ಅದನ್ನ ಬರದ ಇಲ್ಲ. ಒಮ್ಮೊಮ್ಮೆ ಅಕ್ಕನ ಮಾತಿಗೆ ಗುಹೇಶ್ವರ ಅಂತ ಅಲ್ಲಮನ ಅಂಕಿತ ಅಂಟಿಸಿ ಕೊಡ್ತೈತಿ. ಯಾಕ ಹಿಂಗ ಅಂದ್ರ ಈ ಮಾಡೆಲ್‌ಗಳು ಪುಸ್ತಕ ತಗದು ನೋಡಿ ಹೇಳಂಗಿಲ್ಲ, ಹಿಂದಿನ ಶಬ್ದ ನೋಡಿ ಮುಂದ ಯಾವ ತುಣುಕು ಬರೂದು ಹೆಚ್ಚು ಸಂಭವ ಅಂತ ಲೆಕ್ಕ ಹಾಕಿ ಜೋಡಿಸಕೋತ ಹೋಗ್ತಾವ. ವಚನದ ಧಾಟಿ ಹಿಡಿಯೂದು ಅದಕ್ಕ ಸಲೀಸು, ಸಣ್ಣ ಸಣ್ಣ ಸಾಲು, ಎದುರು ಬದುರು ಮಾತು, ಕೊನೀಗೆ ಗ್ಯಾರಂಟಿ ಒಂದ್ ಅಂಕಿತ. ನೆಟ್ ಹುಡುಕಿ ಉತ್ತರ ಕೊಡೋ ಹೊಸ ಮಾಡೆಲ್‌ಗಳು ಸ್ವಲ್ಪ ಸುಧಾರಿಸ್ಯಾವ, ಆದ್ರ ಕನ್ನಡದಾಗ ಇನ್ನೂ ನಂಬಿ ಕುಂಡ್ರೂ ಹಂಗಿಲ್ಲ. ಇದು ನಡಿಯಾಕತ್ತಿದ್ದು ಎಲ್ಲಿ ನೋಡ್ರಿ, ಕೂಡಲಸಂಗಮ ಇರೋ ಜಿಲ್ಲಾದಾಗ, ಫ.ಗು. ಹಳಕಟ್ಟಿಯವರು ಊರೂರು ಸುತ್ತಿ ವಚನದ ತಾಡೋಲಿ ಕೂಡಿ ಹಾಕಿ, ಅದನ್ನ ಅಚ್ಚು ಹಾಕಾಕ ಮನಿ ಮಾರಿ 1925ರಾಗ ಹಿತಚಿಂತಕ ಮುದ್ರಣಾಲಯ ತಗದ ವಿಜಯಪುರದ ಪಕ್ಕದಾಗ.

ಅದಕ್ಕ ಟಾಪಿಕ್ ಬದಲಾಯಿಸಿ ಕೊಟ್ಟೆ. ಯಾವುದರ ಒಂದ್ ಎಐಗೆ ದುಡಿಮೆಯ ಬಗ್ಗೆ ಐದು ವಚನ ಕೇಳ್ರಿ, ಅದು ಕೊಟ್ಟಿದ್ದನ್ನ ಹಂಗ ಬರಕೊಳ್ರಿ, ಆಮೇಲೆ ಒಂದೊಂದನ್ನ ವಚನ ಸಂಚಯ ವೆಬ್‌ಸೈಟಿನಾಗ ಹುಡುಕ್ರಿ (ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನ ಪುಕ್ಕಟೆ ಹುಡುಕಾಕ ಸಿಗ್ತಾವ ಅಲ್ಲಿ), ಯಾವುದು ಖರೆ, ಯಾವುದು ತಿದ್ದಿದ್ದು, ಯಾವುದು ಪೂರಾ ಸುಳ್ಳು, ನಿಮಗ ಹೆಂಗ ಗೊತ್ತಾತು ಅಂತ ಬರೀರಿ. ಹಿಂದಿನ ಬೆಂಚಿನಾಗ ಕುಂತು ವರ್ಷೆಲ್ಲ ಬಾಯಿ ಬಿಡದ ಹುಡುಗಿ ಎದ್ದು ನಿಂತು, ಸರ್ರ, ಇದರಾಗ ಒಂದ ಖರೇದೈತ್ರಿ, ಅದರಾಗೂ ಎರಡನೇ ಸಾಲು ಬ್ಯಾರೆ ವಚನದ್ದು ತಂದು ಹಾಕೈತ್ರಿ, ಅಂದ್ಲು. ಅಷ್ಟು ಗುರುತಿಸಬೇಕಂದ್ರ ಆಕಿ ಎಷ್ಟು ವಚನ ಓದಿರಬೇಕು ಲೆಕ್ಕ ಹಾಕ್ರಿ. ಇದಕ್ಕ ಲ್ಯಾಬ್ ಬೇಕಾಗಲಿಲ್ಲ, ಜಿಪಿಯು (ಎಐ ನಡಸೋ ಚಿಪ್) ಬೇಕಾಗಲಿಲ್ಲ, ಸ್ಮಾರ್ಟ್ ಬೋರ್ಡಂತೂ ಮೊದಲ ಬ್ಯಾಡ. ಬೇಕಾದದ್ದು ಪ್ರಶ್ನೆ ಬದಲಾಗೂದು. ಬಿಕಾಂನವ್ರಿಗೂ ಇದ ನಡೀತೈತಿ, ಎಐ ಬರದ ಜಿಎಸ್‌ಟಿ ಲೆಕ್ಕದಾಗ ತಪ್ಪು ಹುಡುಕ್ರಿ ಅಂತ ಕೊಟ್ರ ಆತು, ಇತಿಹಾಸದವ್ರಿಗೆ ಕಿತ್ತೂರಿನ ಬಗ್ಗೆ ಅದು ಹೇಳಿದ ಇಸವಿಗಳನ್ನ ಗೆಜೆಟಿಯರ್ ಜೊತಿ ತಾಳೆ ಹಾಕ್ರಿ ಅಂದ್ರ ಆತು.

ಇದರ ಬದಲಿ ಕಾಲೇಜುಗಳು ಏನ್ ಮಾಡಾಕತ್ತಾವ ಅಂದ್ರ ಪೊಲೀಸಗಿರಿ. ಬರದದ್ದು ಎಐಯೋ ಮನುಷ್ಯನೋ ಅಂತ ಹೇಳೋ ಎಐ ಡಿಟೆಕ್ಟರ್ ಹಾಕಿ ಹಿಡೀತೀವಿ ಅಂತಾರ. ಇದರ ಕಥಿ ಸ್ವಲ್ಪ ತಿಳ್ಕೋಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದ್ರ ಯುಜಿಸಿಯ 2018ರ ಕೃತಿಚೌರ್ಯ ನಿಯಮದಾಗ ಥೀಸಿಸ್‌ಗೆ ಲೆಕ್ಕ ಐತಿ, ನೂರಕ್ಕ ಹತ್ತರತನಕ ಹೋಲಿಕೆ ಬಂದ್ರ ನಡೀತೈತಿ, ಹತ್ತರಿಂದ ನಲವತ್ತಾದ್ರ ಆರು ತಿಂಗಳೊಳಗ ತಿದ್ದಿ ಕೊಡಬೇಕು, ಅರವತ್ತು ದಾಟಿದ್ರ ರಿಜಿಸ್ಟ್ರೇಷನ್ನ ರದ್ದು. ಆದ್ರ ಇದು ಹೋಲಿಕೆಯ ಲೆಕ್ಕ, ಮೊದಲ ಎಲ್ಲೋ ಇರೋ ಸಾಲಿನ ಜೊತಿ ಕೂಡ್ತೈತೋ ಇಲ್ಲೋ ಅಂತ ನೋಡೂದು. ಎಐ ಪ್ರತಿ ಸಲ ಹೊಸಾ ಸಾಲ ಕಟ್ಟಿ ಕೊಡ್ತೈತಿ, ಹೋಲಿಕೆ ಎಲ್ಲಿ ಬರಬೇಕು. ಹಂಗಾಗಿ ಡಿಟೆಕ್ಟರ್ ಬಂದವು, ಅವು ಹೇಳೂದೆಲ್ಲ ಅಂದಾಜು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ತಾನ ಒಂದ್ ಡಿಟೆಕ್ಟರ್ 2023ರ ಜನವರಿಯೊಳಗ ತಂದು, ಸರಿಯಾಗಿ ಹಿಡಿಯಾಕ ಆಗವಲ್ತು ಅಂತ ಹೇಳಿ ಜುಲೈನಾಗ ಬಾಗಿಲಾ ಹಾಕ್ತು. ಅದ ವರ್ಷ ಸ್ಟ್ಯಾನ್‌ಫರ್ಡಿನವ್ರು ಏಳು ಡಿಟೆಕ್ಟರ್ ತಗೊಂಡು, ಇಂಗ್ಲಿಷ್ ಮಾತೃಭಾಷೆ ಅಲ್ಲದವ್ರು ಟೋಫೆಲ್ ಅನ್ನೋ ಇಂಗ್ಲಿಷ್ ಪರೀಕ್ಷೆಗೆ ಬರದ 91 ಪ್ರಬಂಧ ಹಾಕಿ ನೋಡಿದ್ರು, ಮನುಷ್ಯರ ಕೈಲೆ ಬರದದ್ದಾದ್ರೂ ಸರಾಸರಿ ನೂರಕ್ಕ 61ನ್ನ ಎಐ ಬರದದ್ದು ಅಂತ ತಪ್ಪು ಹೇಳಿದವು. ಕಾರಣ ಸೀದಾ ಐತಿ, ಎರಡನೇ ಭಾಷೆಯೊಳಗ ಬರಿಯಾವ ಗೊತ್ತಿದ್ದ ಶಬ್ದಗಳನ್ನ ಹಿಡಕೊಂಡು ಸರಳ ವಾಕ್ಯ ಬರೀತಾನ, ಡಿಟೆಕ್ಟರಿಗೆ ಊಹಿಸಾಕ ಸಲೀಸಾದದ್ದೆಲ್ಲ ಎಐ. ಮನ್ಯಾಗ ಮರಾಠಿ ಇಲ್ಲಾ ಉರ್ದು, ಶಾಲ್ಯಾಗ ಕನ್ನಡ, ಡಿಗ್ರಿಗೆ ಬಂದ್ಮ್ಯಾಲ ಇಂಗ್ಲಿಷ್ ಅಂತ ಬಂದ ಬೆಳಗಾವಿ ಹುಡುಗ ಕಷ್ಟಪಟ್ಟು ತಾನ ಬರದದ್ದಕ್ಕ ಕಳ್ಳ ಅನ್ನಿಸಿಕೊಂಡ್ರ ಅವನ ಕಡೆ ಮಾತಾಡಾವ ಯಾರು?

ಕನ್ನಡದಾಗ ಬರದ್ರ ಮತ್ತೊಂದು ಗೋಳು, ಇದನ್ನ ಎಐ ಬಗ್ಗೆ ಭಾಷಣ ಮಾಡಾವ್ರು ಯಾರೂ ಎತ್ತಂಗಿಲ್ಲ. ಅದ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್. ನಮ್ಮ ಕಡೆ ಪ್ರಶ್ನೆಪತ್ರಿಕೆ, ನೋಟ್ಸು, ಪಿಎಚ್‌ಡಿ ಥೀಸಿಸ್ಸು ಹೆಚ್ಚಿನವು ಇನ್ನೂ ನುಡಿಯ ಹಳೇ ಫಾಂಟಿನಾಗ ಟೈಪ್ ಆಗ್ತಾವ, ಡಿಟಿಪಿ ಅಂಗಡಿಯವ್ರ ಕೈ ಅದಕ್ಕ ಕುಂತು ಬಿಟ್ಟೈತಿ. ಆ ಫಾಂಟಿನಾಗ ಪರದೆ ಮ್ಯಾಲ ಕನ್ನಡ ಕಾಣಸ್ತೈತಿ, ಆದ್ರ ಫೈಲಿನೊಳಗ ಇರೂದು ಇಂಗ್ಲಿಷ್ ಅಕ್ಷರ, ಚಿಹ್ನೆ. ಅದನ್ನ ಕಾಪಿ ಮಾಡಿ ಚಾಟ್‌ಜಿಪಿಟಿಗೆ ಹಾಕಿದ್ರ ಯೂರೋಪಿನ ಯಾವುದೋ ಭಾಷೆ ಕೆಟ್ಟು ಹೋದಂಗ ಒಂದ್ ರಾಶಿ ಕಸ ಬೀಳ್ತೈತಿ. ಎಐಗೂ ತಿಳಿಯಂಗಿಲ್ಲ, ಹೋಲಿಕೆ ನೋಡೋ ಸಾಫ್ಟ್‌ವೇರಿಗೂ ನೆಟ್ಟಗ ತಿಳಿಯಂಗಿಲ್ಲ, ಗೂಗಲ್‌ನಾಗ ಹುಡುಕಿದ್ರೂ ಸಿಗಂಗಿಲ್ಲ. ಎಲ್ಲಾ ಕಂಪ್ಯೂಟರಿಗೂ ಒಂದ ಆಗೋ ಅಕ್ಷರ ಸಂಕೇತ ಯೂನಿಕೋಡ್ ಬಳಸ್ರಿ ಅಂತ ಸರ್ಕಾರ 2012ರಾಗನ ಹೇಳೈತಿ, ನುಡಿಯ ಹೊಸ ಆವೃತ್ತಿಯೊಳಗ ಯೂನಿಕೋಡ್ ಐತಿ, ಹಳೇದನ್ನ ಯೂನಿಕೋಡಿಗೆ ತಿರುವೋ ಕನ್ವರ್ಟರ್ ಪುಕ್ಕಟೆ ಸಿಗ್ತಾವ. ಆದ್ರೂ ಥೀಸಿಸ್ ಟೈಪಿಸ್ಟ್‌ಗೆ ಕೇಳ್ರಿ, ಯೂನಿಕೋಡ್‌ನಾಗ ಒತ್ತಕ್ಷರ ಒಡೀತಾವ್ರಿ ಸರ, ನುಡೀನ ಚಂದ, ಅಂತಾನ. ಅವನ ತಪ್ಪು ಅಂತನೂ ಹೇಳಾಕ ಬರಂಗಿಲ್ಲ, ಅವನ ಹಳೇ ಪೇಜ್‌ಮೇಕರ್ ಸಾಫ್ಟ್‌ವೇರಿನಾಗ ಖರೇನ ಒಡೀತಾವ.

ಇದರ ಪರಿಣಾಮ ದೊಡ್ಡದು. ಎಐ ಮಾಡೆಲ್ ಕನ್ನಡ ಕಲಿಯೂದು ನೆಟ್ಟಿನಾಗ ಸಿಗೋ ಕನ್ನಡದಿಂದ. ನಮ್ಮ ವಿವಿಗಳು ಇಷ್ಟು ವರ್ಷ ಮಾಡಿದ ಜಾನಪದ, ಶಾಸನ, ಸ್ಥಳೀಯ ಇತಿಹಾಸದ ಸಂಶೋಧನೆ ಎಲ್ಲಾ ನುಡಿ ಫೈಲಿನಾಗ ಇಲ್ಲಾ ಸ್ಕ್ಯಾನ್ ಮಾಡಿದ ಪಿಡಿಎಫ್‌ನಾಗ ಕುಂತೈತಿ, ಹಂಗಾಗಿ ಎಐಗೆ ಇಲಕಲ್ ಸೀರಿ ಬಗ್ಗೆ ಕೇಳಿದ್ರ ಟೂರಿಸ್ಟ್ ಬ್ರೋಷರಿನಾಗ ಇದ್ದಷ್ಟ ಹೇಳ್ತೈತಿ. ಮ್ಯಾಲ ಮಾಡೆಲ್‌ಗಳು ಬರಹವನ್ನ ತುಣುಕು ತುಣುಕು ಮಾಡಿ ನುಂಗ್ತಾವ, ಒಂದ ಮಾತು ಇಂಗ್ಲಿಷಿಗಿಂತ ಕನ್ನಡದಾಗ ಹೆಚ್ಚು ತುಣುಕಾಗ್ತೈತಿ, ಅದಕ್ಕ ತುಣುಕಿನ ಲೆಕ್ಕದಾಗ ಮಿತಿ ಇಟ್ಟಲ್ಲಿ ಕನ್ನಡದಾಗ ಕೇಳಾವನಿಗೆ ಅದು ಲಗೂನ ಮುಗೀತೈತಿ. ಭಾರತೀಯ ಭಾಷೆಗಳ ಅನುವಾದಕ್ಕ ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ 2022ರಿಂದ ನಡದೈತಿ, ಐಐಟಿ ಮದ್ರಾಸಿನ ಎಐ4ಭಾರತ್ ಸಂಶೋಧನಾ ತಂಡದವ್ರು ಕನ್ನಡಕ್ಕೂ ಒಳ್ಳೆ ಕೆಲಸ ಮಾಡ್ಯಾರ, ಆದ್ರ ಡೇಟಾ ನಾವು ಕೊಡಬೇಕಲ್ಲ. ಒಂದ್ ವಿವಿ ಇನ್ಮ್ಯಾಲ ಯೂನಿಕೋಡ್ ಇಲ್ಲದ ಥೀಸಿಸ್ ತಗೊಳ್ಳಂಗಿಲ್ಲ ಅಂತ ಒಂದ್ ಸುತ್ತೋಲೆ ಕಳಿಸಿದ್ರ, ನನ್ನ ಪ್ರಕಾರ ಅದು ಒಂದ್ ಎಐ ಲ್ಯಾಬಿನ ಉದ್ಘಾಟನೆಗಿಂತ ದೊಡ್ಡ ಕೆಲಸ.

ಕೈಯಾಗಿನ ಸಾಮಾನಿನ ಬಗ್ಗೆ ಜಾಸ್ತಿ ಹೇಳಂಗಿಲ್ಲ. 2021ರಾಗ ಸರ್ಕಾರಿ ಕಾಲೇಜಿನ ಒಂದೂವರೆ ಲಕ್ಷ ಹುಡುಗ್ರಿಗೆ ಟ್ಯಾಬ್ ಕೊಟ್ಟಿತ್ತು ಸರ್ಕಾರ, ಈಗ ಹೆಚ್ಚುಕಮ್ಮಿ ಎಲ್ಲಾರ ಕಡೆ ಫೋನ್ ಐತಿ. ಹುಡುಗ್ಯಾರ ಕಡೆ ಮಾತ್ರ ನೋಡಿ ಮಾತಾಡಬೇಕು, ಹಳ್ಳಿಯಿಂದ ಬರೋ ಎಷ್ಟೋ ಮಂದಿಗೆ ಫೋನು ಅಣ್ಣಂದು, ಸಿಮ್ ಅಪ್ಪನ ಹೆಸರಿಂದು, ಸಂಜಿ ಏಳರಿಂದ ಎಂಟರತನಕ ಕೈಗೆ ಬಂದ್ರ ಬಂತು. ಫ್ರೀ ಆಫರ್ ಮುಗದ ಮರುದಿನ ಯಾರು ರೊಕ್ಕ ಕಟ್ಟಿ ಮುಂದುವರಸ್ತಾರ, ಯಾರು ಬಿಡ್ತಾರ ಅನ್ನೂದನ್ನ ಈಗ ಯೋಚನೆ ಮಾಡಬೇಕು, ಅವಾಗ ಅಲ್ಲ. ಇನ್ನೊಂದು, ಕಾಲೇಜ್ ಆಫೀಸಿನವ್ರು ಹುಡುಗ್ರ ಹೆಸರು, ಫೋನ್ ನಂಬರ್, ಜಾತಿ, ಮಾರ್ಕ್ಸ್ ಇರೋ ಎಕ್ಸೆಲ್ ಶೀಟನ್ನ ಹಂಗ ಚಾಟ್‌ಬಾಟಿಗೆ ಹಾಕಿ ಲಿಸ್ಟ್ ಮಾಡ್ಕೊಡು ಅಂತಾರ, 2023ರಾಗ ಡೇಟಾ ರಕ್ಷಣೆ ಕಾಯ್ದೆ ಆಗಿ 2025ರ ನವೆಂಬರ್‌ನಾಗ ಅದರ ನಿಯಮನೂ ಬಂದಾವ ಅನ್ನೂದು ಅವ್ರಿಗೆ ಯಾರೂ ಹೇಳಿಲ್ಲ.

ಇನ್ನ ಮಾಸ್ತರ ಕಡೆ. ರಾಜ್ಯದಾಗ 430ರ ಆಸುಪಾಸು ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಅದಾವ, ಅಲ್ಲಿ ಪಾಠ ಮಾಡೋ ಅತಿಥಿ ಉಪನ್ಯಾಸಕರು ಹತ್ತು ಸಾವಿರಕ್ಕೂ ಹೆಚ್ಚು. ಕಾಯಂ ಮಾಡ್ರಿ ಅಂತ 2023ರ ಕೊನೀಗೆ ವಾರಗಟ್ಟಲೆ ಕ್ಲಾಸ್ ಬಿಟ್ಟು ಕುಂತಿದ್ರು, ಕೊನೀಗೆ ಸಿಕ್ಕಿದ್ದು ಗೌರವಧನದಾಗ ಐದರಿಂದ ಎಂಟು ಸಾವಿರ ಹೆಚ್ಚಳ. ಒಂದ್ ವರ್ಷದ ಕೌನ್ಸೆಲಿಂಗ್‌ನಾಗ ತಾಳಿಕೋಟೆ ಕಾಲೇಜು ಸಿಕ್ರ ಮುಂದಿನ ವರ್ಷ ಎಲ್ಲಿ ಅಂತ ಗೊತ್ತಿರಲಾರದವ್ರು ಸಿಲಬಸ್ ಬದಲಿ ಮಾಡೂದು, ಹೊಸ ಪ್ರಶ್ನೆ ಬ್ಯಾಂಕ್ ಕಟ್ಟೂದು ಯಾವ ಹುಮ್ಮಸ್ಸಿನ ಮ್ಯಾಲ? ಟ್ರೇನಿಂಗ್ ಅಂತ ಕೊಡ್ತಾರ, ಐದು ದಿನದ ಆನ್‌ಲೈನ್ ಎಫ್‌ಡಿಪಿ, ಕ್ಯಾಮೆರಾ ಬಂದ್ ಮಾಡಿ ಮೈಕ್ ಮ್ಯೂಟ್ ಮಾಡಿ ಅಡಿಗಿ ಮಾಡಕೋತ ಕೇಳಿದ್ರೂ ಸರ್ಟಿಫಿಕೇಟ್ ಬರ್ತೈತಿ. ಅದರಾಗ ಪ್ರಾಂಪ್ಟ್, ಅಂದ್ರ ಎಐಗೆ ಕೊಡೋ ಸೂಚನೆ, ಹೆಂಗ ಬರೀಬೇಕು ಅಂತ ಹೇಳಿಕೊಡ್ತಾರ. ಪ್ರಾಂಪ್ಟ್ ಬರಿಯೂದನ್ನ ಹುಡುಗ್ರ ನಮಗ ಕಲಿಸ್ತಾರ್ರಿ, ನಮಗ ಬೇಕಾಗಿದ್ದು ನಮ್ಮ ವಿಷಯದಾಗ ಎಐ ಎಲ್ಲೆಲ್ಲಿ ಎಡವತೈತಿ ಅನ್ನೂದು. ಅರ್ಥಶಾಸ್ತ್ರದವ್ರಿಗೆ ಅದು ಬ್ಯಾರೆ, ಕೆಮಿಸ್ಟ್ರಿಯವ್ರಿಗೆ ಬ್ಯಾರೆ, ಎಲ್ಲಾರನ್ನೂ ಒಂದ ಜೂಮ್ ಲಿಂಕಿನಾಗ ಕುಂಡ್ರಿಸಿದ್ರ ಆಗಂಗಿಲ್ಲ.

ಎಐ ಬಂದು ಓದೂದ ಕೆಟ್ಟು ಹೋತು ಅನ್ನಾವ್ರಿಗೂ ಒಂದ್ ಮಾತು. ಎಐ ಬರೂಕಿಂತ ಮೊದಲ ಫೈನಲ್ ಇಯರ್ ಪ್ರಾಜೆಕ್ಟ್ ರೆಡಿಮೇಡ್ ಸಿಗ್ತಿದ್ದವು, ಕೋಡು, ರಿಪೋರ್ಟು, ಪಿಪಿಟಿ ಸೇರಿ ಒಂದ್ ರೇಟು, ಬೈಂಡಿಂಗ್ ಬೇಕಂದ್ರ ಬ್ಯಾರೆ. ಡಿಗ್ರಿ ಅಸೈನ್‌ಮೆಂಟು ಸೀನಿಯರ್‌ದ್ದು ನೋಡಿ ಬರೀತಿದ್ರು, ಸೀನಿಯರ್ ಗೈಡ್ ನೋಡಿ ಬರದಿದ್ದ. ನಮ್ಮ ಪ್ರಶ್ನೆಗಳು ಕಾಪಿ ಮಾಡಾಕ ಬರೋ ಹಂಗ ಇದ್ದವು, ಎಐ ಆ ಕಾಪಿಯ ಖರ್ಚನ್ನ ಸೊನ್ನೆ ಮಾಡ್ತು, ಅಷ್ಟ. ಪಿಸಿ ಮುಂದ ಕುಂತು ಹುಡುಗನ್ನ ಹಿಡಿಯಾಕ ಆಗಂಗಿಲ್ಲ, ಎದುರಿಗೆ ಕುಂತು ಎರಡನೇ ಪ್ರಶ್ನೆ ಕೇಳಿದ್ರ ಹಿಡಿಯಾಕ ಬರ್ತೈತಿ. ನೀ ಬರದ ಈ ಮೂರನೇ ಪ್ಯಾರಾದಾಗ ಇರೋ ಮಾತು ನಿನ್ನ ಊರಿಗೆ ಹೆಂಗ ಹೊಂದತೈತಿ ಹೇಳಪಾ ಅಂದ್ರ ಅವ ಓದ್ಯಾನೋ ಇಲ್ಲೋ ಅರ್ಧ ನಿಮಿಷದಾಗ ಗೊತ್ತಾಗ್ತೈತಿ. ಎಐ ಬಳಸಿದ್ರೂ ಚಿಂತಿಲ್ಲ, ಎಲ್ಲಿ ಬಳಸೀನಿ ಅಂತ ಕೊನೀಗೆ ನಾಕು ಸಾಲು ಬರದಿರಬೇಕು, ಕೇಳಿದ್ದಕ್ಕ ಉತ್ತರ ಹೇಳಬೇಕು.

ಈಗ ಲೆಕ್ಕ ಮಾಡ್ರಿ. ಒಂದ್ ಕ್ಲಾಸಿನಾಗ 80 ಹುಡುಗ್ರು ಅಂತ ಹಿಡೀರಿ, ತಲಿಗೆ ಐದು ನಿಮಿಷದ ವೈವಾ (ಇಂಥ ಬಾಯಿಮಾತಿನ ಪರೀಕ್ಷೆ) ಇಟ್ರ 400 ನಿಮಿಷ, ಆರು ತಾಸು 40 ನಿಮಿಷ ಆತು, ಅದು ಒಂದ್ ಪೇಪರಿಗೆ, ಒಂದ್ ಅಸೈನ್‌ಮೆಂಟಿಗೆ. ಒಬ್ಬೊಬ್ಬ ಉಪನ್ಯಾಸಕನ ಕಡೆ ಮೂರ್ನಾಕು ಪೇಪರ್ ಇರ್ತಾವ. ಅತಿಥಿ ಉಪನ್ಯಾಸಕನಿಗೆ ವಾರಕ್ಕ 15 ತಾಸಿನ ಕಾರ್ಯಭಾರ, ಅದು ಕ್ಲಾಸಿನಾಗ ನಿಂತು ಹೇಳಿದ ತಾಸಿನ ಲೆಕ್ಕ, ಅಸೈನ್‌ಮೆಂಟ್ ಓದಿದ್ದು ಅದರಾಗ ಬರಂಗಿಲ್ಲ, ವೈವಾ ಮಾಡಿದ್ದೂ ಬರಂಗಿಲ್ಲ. ಹಂಗಾಗಿ ಅವ ಬುಕ್ಕಿನ ದಪ್ಪ ನೋಡಿ, ಮಾರ್ಜಿನ್ ನೋಡಿ ನಂಬರ್ ಹಾಕ್ತಾನ, ಅವಂದು ತಪ್ಪೂ ಅಲ್ಲ. ಎಐ ಲ್ಯಾಬಿಗೆ ಟೆಂಡರ್ ಕರಿಯೂಕಿಂತ ಮೊದಲು ಕಾರ್ಯಭಾರದ ಆದೇಶದಾಗ ಒಂದ್ ಪೇಪರಿಗೆ ಒಂದ್ ಸೆಮಿಸ್ಟರಿಗೆ ಇಷ್ಟು ತಾಸು ವೈವಾಕ್ಕ ಅಂತ ಒಂದ್ ಸಾಲು ಸೇರಿಸಿ, ಆ ತಾಸಿಗೆ ಗೌರವಧನ ಕೊಡ್ರಿ ಅನ್ನೂದು ಕಾಲೇಜು ಶಿಕ್ಷಣ ಇಲಾಖೆಗೆ ನಮ್ಮ ಕಡೆ ಉಪನ್ಯಾಸಕರು ಈಗ ಇಡಬೇಕಾದ ಬೇಡಿಕೆ. ಅದು ಸೆಮಿಸ್ಟರ್ ಶುರುವಾಗೂಕಿಂತ ಮೊದಲ ಬರಬೇಕು, ನಡುವ ಬಂದ್ರ ಟೈಮ್‌ಟೇಬಲ್ಲಿನಾಗ ಹಾಕಾಕ ರೂಮ್ ಸಿಗಂಗಿಲ್ಲ.